ದೊಡ್ಡಪ್ಪನಿಗೆ ಯಾವ ರೈಫಲ್?

ಕೊಡಗಿನವನು ಅಂತ ಗೊತ್ತಾದ ಕೂಡಲೇ ಪವಾಯಿಯ ನಮ್ಮ ಆಫೀಸಿನಲ್ಲಿ ಎರಡು ಪ್ರಶ್ನೆ ಗ್ಯಾರಂಟಿ. ಒಂದು, ಒಳ್ಳೆ ಹೋಂಸ್ಟೇ ಯಾವುದು. ಎರಡು, ನಿಮ್ಮ ಮನೆಯಲ್ಲಿ ನಿಜವಾಗಿಯೂ ಬಂದೂಕು ಇದೆಯಾ. ಎರಡಕ್ಕೂ ಉತ್ತರ ಕೊಟ್ಟು ಕೊಟ್ಟು ರೂಢಿಯಾಗಿದೆ. ಆದರೆ ಈ ಸಲ ಕೋವಿಯ ಪ್ರಶ್ನೆ ಊರಿನಿಂದಲೇ ಬಂತು.

ಚೇರಂಬಾಣೆ ಹತ್ತಿರ ಕಾಫಿ ತೋಟ ನೋಡಿಕೊಂಡಿರುವ ದೊಡ್ಡಪ್ಪನಿಗೆ ಈಗ ಅರವತ್ತೆಂಟು. ಬಲಭುಜದ ಆಪರೇಷನ್ ಆಗಿ ಒಂದು ವರ್ಷವಾಯಿತು. ಮನೆಯ ಜೋಡಿ ನಳಿಗೆ ಕೋವಿಯ ಒದೆತ ಈಗ ಅವರ ಭುಜಕ್ಕೆ ತಡೆಯುವುದಿಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿರುವ ಅವರ ಮಗ, ಅಂದರೆ ನನ್ನ ಅಣ್ಣ, ಅಲ್ಲಿ ಕಾಡುಹಂದಿ ಹೊಡೆಯುವ ವಿಡಿಯೋ ಒಂದನ್ನು ಕುಟುಂಬದ ಗ್ರೂಪಿಗೆ ಹಾಕಿದ್ದ. ಕುದುರೆ ಎಳೆದಷ್ಟೂ ಸಲ ಈಡು, ಬೋಲ್ಟ್ ಎಳೆಯುವ ರಗಳೆ ಇಲ್ಲ, ಭುಜಕ್ಕೆ ಹೊಡೆತವೂ ಕಡಿಮೆ. ದೊಡ್ಡಪ್ಪನ ಫೋನ್ ಬಂತು: “ಅಲ್ವೋ, ನೀನು ಎಂಟೆಕ್ ಮಾಡಿದವನು. ಅಂಥದ್ದರಲ್ಲಿ ಒಳ್ಳೆ ಗುರಿ ಇರೋದು ಯಾವುದು ಅಂತ ಸರಿಯಾಗಿ ನೋಡಿ ಹೇಳು.”

ಕಂಪ್ಯೂಟರ್ ಸೈನ್ಸ್ ಎಂಟೆಕ್‌ಗೂ ಕೋವಿಗೂ ಏನು ಸಂಬಂಧ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಕೂತು ಓದಿದೆ.

ಮೊದಲು ಕಾನೂನು. ಕುದುರೆ ಒತ್ತಿ ಹಿಡಿದಷ್ಟು ಹೊತ್ತು ಗುಂಡು ಹಾರಿಸುವುದು ಆಟೋಮೆಟಿಕ್. ಪ್ರತಿ ಈಡಿಗೂ ಕುದುರೆ ಎಳೆಯಬೇಕು, ಆದರೆ ಖಾಲಿ ತೋಟೆ ಹೊರಗೆಸೆದು ಹೊಸದನ್ನು ತಾನೇ ತುಂಬಿಕೊಳ್ಳುವುದು ಸೆಮಿ ಆಟೋಮೆಟಿಕ್. ಅಣ್ಣನ ಕೈಯಲ್ಲಿದ್ದದ್ದು ಎರಡನೆಯದು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸೆಮಿ ಆಟೋಮೆಟಿಕ್ ರೈಫಲ್ ನಿರ್ಬಂಧಿತ ವರ್ಗಕ್ಕೆ ಸೇರುತ್ತದೆ. ಜಿಲ್ಲಾಧಿಕಾರಿ ಕೊಡುವ ಮಾಮೂಲಿ ಲೈಸೆನ್ಸ್ ಇದಕ್ಕೆ ಸಾಲದು, ಕೇಂದ್ರ ಗೃಹ ಇಲಾಖೆಯ ಅನುಮತಿ ಬೇಕು. ಪ್ರಾಣಕ್ಕೆ ಗಂಭೀರ ಅಪಾಯ ಇದೆ ಎಂಬಂಥ ಕಾರಣವಿದ್ದರೆ ಅವರು ಪರಿಶೀಲಿಸುತ್ತಾರೆ. ಭುಜನೋವು ಆ ಪಟ್ಟಿಯಲ್ಲಿಲ್ಲ.

“ನಮಗೆ ವಿನಾಯಿತಿ ಇದೆಯಲ್ಲ?” ಅಂದರು ದೊಡ್ಡಪ್ಪ. ಇದೆ. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಕೊಡವರನ್ನು ಹೊರಗಿಟ್ಟದ್ದು ಇದರ ಮೂಲ. ಈಗ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಅಡಿ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ. ನಮ್ಮಂಥ ಅರೆಭಾಷೆ ಗೌಡರ ಜಮ್ಮಾ ಕುಟುಂಬಗಳು ಬರುವುದು ಈ ಎರಡನೆಯ ಗುಂಪಿನಲ್ಲಿ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಇದನ್ನು 2029ರವರೆಗೆ ಮುಂದುವರಿಸಿತು. ಹೈಕೋರ್ಟಿನಲ್ಲಿ ಪ್ರಶ್ನೆಯಾಗಿ 2021ರಲ್ಲಿ ಊರ್ಜಿತವೂ ಆಯಿತು. ಆದರೆ ಈ ವಿನಾಯಿತಿ ಮನೆಯ ಕೋವಿಗೆ ಕೊಟ್ಟದ್ದು. ಜಮ್ಮಾ ಪತ್ರ ತೋರಿಸಿ ಟೆಕ್ಸಾಸಿನ ರೈಫಲನ್ನು ಚೇರಂಬಾಣೆಗೆ ತರಬಹುದು ಎಂದು ಅದರ ಅರ್ಥವಲ್ಲ. ಅಣ್ಣ ಅಲ್ಲಿಂದಲೇ “ಬರುವಾಗ ತರ್ತೇನೆ” ಅಂದಿದ್ದ. ಆ ಮಾತನ್ನು ಅಲ್ಲಿಗೇ ಬಿಡಿಸಬೇಕಾಯಿತು.

ಸರಿ, ಸಿಗುವುದಿಲ್ಲ. ಹಾಗಂತ ಸುಮ್ಮನಾಗುವವರಲ್ಲ ದೊಡ್ಡಪ್ಪ. “ಸಿಗೋದು ಬಿಡೋದು ಆಮೇಲೆ. ಅದರ ಗುರಿ ಒಳ್ಳೇದಾ ಅಲ್ವಾ, ಅದು ಹೇಳು.” ನಿಜ ಹೇಳಬೇಕೆಂದರೆ ನನಗೂ ಆ ಪ್ರಶ್ನೆಯೇ ರುಚಿಸಿತು.

ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿ ಬೆಳೆದವರಿಗೆ ಕೆನ್ನೆತ್ ಆಂಡರ್ಸನ್ ಹೆಸರು ಹೊಸದಲ್ಲ. ಆತ ಹಿಡಿದದ್ದು .405 ವಿಂಚೆಸ್ಟರ್, ಕೆಳಗಿನ ಸನ್ನೆ ಎಳೆದು ತೋಟೆ ತುಂಬುವ ಲಿವರ್ ರೈಫಲ್. ಜಿಮ್ ಕಾರ್ಬೆಟ್‌ಗೆ ಚಂಪಾವತದ ಹೆಣ್ಣುಹುಲಿ ಹೊಡೆದದ್ದಕ್ಕೆ 1907ರಲ್ಲಿ ಬಹುಮಾನವಾಗಿ ಸಿಕ್ಕಿದ್ದು .275 ರಿಗ್ಬಿ, ಬೋಲ್ಟ್ ರೈಫಲ್. ಎರಡೂ ಕೈಯಲ್ಲೇ ನಡೆಯುವ ಯಂತ್ರಗಳು. ಬೇಟೆಗಾರರ ಕೈಗೆ ಬಂದ ಸೆಮಿ ಆಟೋಮೆಟಿಕ್‌ಗಳಲ್ಲಿ ಹೆಸರಾದದ್ದು 1967ರ ಬ್ರೌನಿಂಗ್ ಬಾರ್. (ಮೊದಲನೆಯ ಮಹಾಯುದ್ಧದ ಕೊನೆಗೆ ಬಂದ ಅದೇ ಹೆಸರಿನ ಮಷಿನ್‌ಗನ್ ಬೇರೆ. ಹೆಸರು ಒಂದೇ ಆದ್ದರಿಂದ ಅಣ್ಣನಿಗೂ ಗೊಂದಲವಿತ್ತು.) ಆಮೇಲೆ ಬೆನೆಲಿ, ಮೆರ್ಕೆಲ್, ಸಾವರ್ ಎಲ್ಲ ಬಂದವು. ಸಣ್ಣ .22ರಲ್ಲಿ 1964ರ ರೂಗರ್ 10/22 ಅಮೆರಿಕದಲ್ಲಿ ಮನೆಮಾತು.

ಇವು ನಡೆಯುವ ಬಗೆ ಸರಳ. ಗುಂಡು ನಳಿಗೆಯಲ್ಲಿ ಓಡುವಾಗ ಅದರ ಹಿಂದಿನ ಬಿಸಿ ಅನಿಲದಲ್ಲಿ ಸ್ವಲ್ಪ ಒಂದು ಸಣ್ಣ ತೂತಿನಿಂದ ಹೊರಬಿದ್ದು ಪಿಸ್ಟನ್ ತಳ್ಳುತ್ತದೆ. ಪಿಸ್ಟನ್ ಬೋಲ್ಟನ್ನು ಹಿಂದಕ್ಕೆ ನೂಕುತ್ತದೆ, ಸ್ಪ್ರಿಂಗ್ ಅದನ್ನು ಹೊಸ ತೋಟೆಯ ಜೊತೆ ಮುಂದಕ್ಕೆ ತರುತ್ತದೆ. ಒದೆತ ಒಮ್ಮೆಲೇ ಬರದೆ ಸ್ವಲ್ಪ ಹೊತ್ತಿಗೆ ಹರಡಿಕೊಳ್ಳುವುದರಿಂದ ಭುಜಕ್ಕೆ ಹಗುರ ಅನ್ನಿಸುತ್ತದೆ. ದೊಡ್ಡಪ್ಪ ವಿಡಿಯೋದಲ್ಲಿ ಕಂಡದ್ದು ಸುಳ್ಳಲ್ಲ. (.22ರಂಥ ಚಿಕ್ಕದರಲ್ಲಿ ಈ ಅನಿಲದ ಏರ್ಪಾಟೂ ಬೇಡ, ತೋಟೆಯ ಹಿಂದೊತ್ತೇ ಸಾಕು.)

ಗುರಿಯ ಲೆಕ್ಕ ಬೇರೆ. ರೈಫಲ್‌ನ ಗುರಿ ಅಂದರೆ ಪ್ರತಿ ಸಲವೂ ಒಂದೇ ರೀತಿ ನಡೆದುಕೊಳ್ಳುವ ಗುಣ. ತೋಟೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂರಬೇಕು, ಬೋಲ್ಟ್ ಒಂದೇ ಬಿಗಿಯಲ್ಲಿ ಮುಚ್ಚಬೇಕು, ಈಡಿನ ಕ್ಷಣದಲ್ಲಿ ನಳಿಗೆ ಒಂದೇ ಥರ ನಡುಗಬೇಕು. ಬೋಲ್ಟ್ ರೈಫಲ್‌ನಲ್ಲಿ ನಳಿಗೆಗೆ ಏನೂ ತಾಗದಂತೆ ಮರದಿಂದ ಬಿಡಿಸಿ ಕೂರಿಸಬಹುದು. ಸೆಮಿ ಆಟೋಮೆಟಿಕ್‌ನಲ್ಲಿ ಅನಿಲದ ಕೊಳವೆ, ಪಿಸ್ಟನ್ ಎಲ್ಲ ನಳಿಗೆಗೆ ಅಂಟಿಕೊಂಡೇ ಇರುತ್ತವೆ. ಓಡಾಡುವ ಭಾಗ ಹೆಚ್ಚಾದಷ್ಟೂ ವ್ಯತ್ಯಾಸ ಹೆಚ್ಚು. ಕುದುರೆಯೂ ಸಾಮಾನ್ಯವಾಗಿ ಬಿಗಿ. ತಾನಾಗಿಯೇ ಮತ್ತೆ ಸಿಡಿಯಬಾರದಲ್ಲ. ಒಳ್ಳೆಯದೊಂದು ಬೇಟೆಯ ಸೆಮಿ ಆಟೋಮೆಟಿಕ್ ಬಹಳ ಹಿಂದೆ ಬೀಳುವುದಿಲ್ಲ ಅನ್ನುವುದೂ ನಿಜ. ಆದರೆ ಅದೇ ದುಡ್ಡಿಗೆ, ಅದೇ ತೋಟೆಗೆ, ಬೋಲ್ಟ್ ರೈಫಲ್ ಮುಂದೆಯೇ ಇರುತ್ತದೆ.

ಇದಕ್ಕೆ ಇಲ್ಲೇ ಮುಂಬೈಯಲ್ಲಿ ಒಂದು ಸಾಕ್ಷಿ ಇದೆ. ನವಿ ಮುಂಬೈಯಲ್ಲಿ ನೆಲೆಸಿರುವ ಸುಮಾ ಶಿರೂರ್ ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದಲ್ಲಿ. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ ಏರ್ ರೈಫಲ್ ಹಿಡಿದು 400ಕ್ಕೆ 400 ಗಳಿಸಿದವರು. ಹತ್ತು ಮೀಟರ್ ದೂರದಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಅದಕ್ಕೆ ನಲವತ್ತು ಸಲ, ಒಂದೂ ತಪ್ಪದೆ. ಆ ರೈಫಲ್‌ಗೆ ಮ್ಯಾಗಜಿನ್ ಇರುವುದಿಲ್ಲ, ಪ್ರತಿ ಗುಂಡನ್ನೂ ಕೈಯಿಂದಲೇ ಇಡಬೇಕು. ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳೆಲ್ಲ ಹೀಗೆ ಒಂದೊಂದೇ ಗುಂಡಿನವು. ಜಗತ್ತಿನ ಅತಿ ನಿಖರ ರೈಫಲ್‌ಗಳು ಅತಿ ನಿಧಾನದವು ಅನ್ನುವುದು ನನ್ನಂಥ ಸಾಫ್ಟ್‌ವೇರ್‌ನವನಿಗೆ ಸ್ವಲ್ಪ ಕಸಿವಿಸಿಯ ಸಂಗತಿ.

ಇನ್ನು ಜಾಹೀರಾತಿನ ಅಂಕಿ. ಗುರಿಯನ್ನು ಅಳೆಯುವುದು ಕೋನದಲ್ಲಿ. ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲಿಗೆ ಮಿನಿಟ್ ಅನ್ನುತ್ತಾರೆ. ನೂರು ಮೀಟರ್‌ನಲ್ಲಿ ಅದು 2.9 ಸೆಂಟಿಮೀಟರ್. “ಒಂದು ಮಿನಿಟ್ ಗ್ಯಾರಂಟಿ” ಅಂತ ಕಂಪನಿಗಳು ಬರೆಯುತ್ತವೆ. ಎಷ್ಟು ಗುಂಡಿಗೆ ಅಂತ ಕೇಳಬೇಕು. ಸಾಮಾನ್ಯವಾಗಿ ಮೂರು. ಇಲ್ಲಿ ಮಾತ್ರ ನನ್ನ ಓದು ಉಪಯೋಗಕ್ಕೆ ಬಂತು. ಗುಂಡುಗಳು ಗುರಿಯ ಸುತ್ತ ಮಾಮೂಲಿ ಸಂಖ್ಯಾಶಾಸ್ತ್ರದ ನಿಯಮದಂತೆ ಚದುರುತ್ತವೆ ಅಂದುಕೊಂಡು ಕಂಪ್ಯೂಟರ್‌ನಲ್ಲಿ ಒಂದು ಲಕ್ಷ ಸಲ ಹೊಡೆಸಿ ನೋಡಿ; ಹತ್ತು ಸಾಲಿನ ಪ್ರೋಗ್ರಾಂ ಸಾಕು. ಮೂರು ಗುಂಡಿನ ಗುಂಪಿನ ಸರಾಸರಿ ಅಗಲ 2.4 ಬಂದರೆ, ಅದೇ ರೈಫಲ್, ಅದೇ ತೋಟೆ, ಅದೇ ಕೈ, ಐದು ಗುಂಡಿಗೆ 3.1, ಹತ್ತು ಗುಂಡಿಗೆ 3.8. ಮೂರು ಗುಂಡಿಗೆ ಒಂದು ಮಿನಿಟ್ ಆದದ್ದು ಹತ್ತು ಗುಂಡಿಗೆ ಒಂದೂವರೆ ದಾಟಿತು. ಜಾಹೀರಾತಿನಲ್ಲಿ ಹಾಕುವುದು ಸರಾಸರಿಯೇ ಆಗಿರಬೇಕೆಂದಿಲ್ಲ, ಹತ್ತಾರು ಮೂರರ ಗುಂಪಿನಲ್ಲಿ ಅತಿ ಚಿಕ್ಕದೂ ಆಗಿರಬಹುದು. ಫ್ಲಾಟ್ ಮಾರುವವರು ಹೇಳುವ “ಸ್ಟೇಷನ್‌ಗೆ ಹತ್ತು ನಿಮಿಷ” ಇದ್ದ ಹಾಗೆ. ಪವಾಯಿಯಲ್ಲಿರುವವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಈಗ ದೊಡ್ಡಪ್ಪನ ಅಗತ್ಯಕ್ಕೆ ಬರೋಣ. ಅವರು ಹೇಳುವ ಅಗತ್ಯ ಎರಡು. ಒಂದು, ಕೈಲ್ ಮುಹೂರ್ತದ ಹೊತ್ತಿಗೆ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ನಾಟಿ ಮುಗಿಸಿ ಸೆಪ್ಟೆಂಬರ್ ಮೊದಲ ವಾರ ಆಯುಧಗಳಿಗೆ ಪೂಜೆ ಮಾಡುವ ಹಬ್ಬ ಅದು. ಕೋವಿಯ ನಳಿಗೆಗೆ ತೋಕ್ ಹೂ ಸಿಕ್ಕಿಸುತ್ತಾರೆ. ಹಿಂದೆ ಪೂಜೆ ಮುಗಿಸಿ ಬೇಟೆಗೆ ಹೋಗುತ್ತಿದ್ದರು, ಈಗ ತೆಂಗಿನಕಾಯಿಗೆ ಹೊಡೆಯುತ್ತಾರೆ. .22 ರೈಫಲ್‌ಗೆ ಬೇರೆ, 12 ಬೋರ್ ಕೋವಿಗೆ ಬೇರೆ ವಿಭಾಗ. ಏರ್‌ಗನ್‌ನವರಿಗೆ ಕೋಳಿಮೊಟ್ಟೆ.

ಇದಕ್ಕೆ ಎಷ್ಟು ನಿಖರತೆ ಬೇಕು? ಕಾಯಿ ಹತ್ತು ಸೆಂಟಿಮೀಟರ್ ಅಗಲ, ದೂರ ಐವತ್ತು ಮೀಟರ್ ಅಂತ ಇಟ್ಟುಕೊಂಡರೂ ಅದು ಸುಮಾರು ಏಳು ಮಿನಿಟ್. ಹಳೆಯ ಮಾಮೂಲಿ .22 ಬೋಲ್ಟ್ ರೈಫಲ್ ಕೂಡ ಎರಡು ಮೂರು ಮಿನಿಟ್ ಒಳಗೇ ಹೊಡೆಯುತ್ತದೆ. ಅಂದರೆ ಕಾಯಿ ತಪ್ಪಿದರೆ ಅದಕ್ಕೆ ಕಾರಣ ರೈಫಲ್‌ನ ಹಿಂದೆ ನಿಂತಿದೆ. ಇದನ್ನು ದೊಡ್ಡಪ್ಪನಿಗೆ ಹೇಳಲು ಎರಡು ದಿನ ಮಾತು ಹುಡುಕಿದೆ.

ಎರಡನೆಯದು ಹಂದಿ. ಅವರು ಬಾಯಿಬಿಟ್ಟು ಹೇಳಿದ್ದು ಕಡಿಮೆ, ಆದರೆ ವಿಡಿಯೋ ನೋಡಿ ಮನಸ್ಸು ಹೋದದ್ದು ಅಲ್ಲಿಗೆ. ಹೋದ ವರ್ಷ ಗದ್ದೆಯ ಒಂದು ಮೂಲೆ ಪೂರ್ತಿ ಹಂದಿ ಪಾಲಾಯಿತು. ಬೆಳೆ ಹೋದ ಬೆಳಿಗ್ಗೆ ಗದ್ದೆಯ ಬದುವಿನಲ್ಲಿ ನಿಂತವರ ಸಿಟ್ಟನ್ನು ಹತ್ತನೇ ಮಹಡಿಯ ಫ್ಲಾಟಿನಲ್ಲಿ ಕೂತು ತಪ್ಪು ಅನ್ನಲಾರೆ. ನಮ್ಮಲ್ಲಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆ ಐಐಟಿ ಕ್ಯಾಂಪಸ್‌ಗೆ ಬಂದರೆ ಫೋಟೊ ತೆಗೆದು ಹಂಚುತ್ತೇವೆ. ನಮ್ಮ ಅನ್ನಕ್ಕೆ ಅದು ಬಾಯಿ ಹಾಕುವುದಿಲ್ಲವಲ್ಲ.

ಆದರೂ ಕಾನೂನು ಕಾನೂನೇ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಕೋವಿಗೆ ವಿನಾಯಿತಿ ಇದ್ದರೂ ಬೇಟೆಗೆ ವಿನಾಯಿತಿ ಇಲ್ಲ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯ ಅಂತಾದರೆ ಕೊಲ್ಲಲು ಅನುಮತಿ ಕೊಡುವ ಅಧಿಕಾರ 11ನೇ ಸೆಕ್ಷನ್‌ನಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರಿಗಿದೆ. ಪಕ್ಕದ ಕೇರಳ 2022ರಲ್ಲಿ ಆ ಅಧಿಕಾರವನ್ನು ಪಂಚಾಯಿತಿಗಳ ಮಟ್ಟಕ್ಕೆ ಇಳಿಸಿತು. ಲೈಸೆನ್ಸ್ ಇರುವ ಕೋವಿಯವರನ್ನು ಅವರೇ ಕರೆಸಬಹುದು. ನಮ್ಮಲ್ಲೂ ಹಾಗಾಗಲಿ ಎಂದು ರೈತರು ಕೇಳುವುದು ನ್ಯಾಯವೇ ಅನ್ನಿಸುತ್ತದೆ. ಆದರೆ ಬರೆದ ಅನುಮತಿ ಕೈಯಲ್ಲಿಲ್ಲದೆ ಹೊಡೆದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ.

ಕಾನೂನಿಗಿಂತ ನನ್ನನ್ನು ಹೆದರಿಸಿದ್ದು ದೂರದ ಲೆಕ್ಕ. ನಮ್ಮಲ್ಲಿ ಸಿಗುವ ದೊಡ್ಡ ರೈಫಲ್ ಅಂದರೆ ಇಶಾಪುರದ ಸರ್ಕಾರಿ ಕಾರ್ಖಾನೆಯ .315 ಮತ್ತು .30-06, ಎರಡೂ ಬೋಲ್ಟ್. (.303 ಮತ್ತು 7.62 ಸೈನ್ಯದ ಅಳತೆ, ಜನಸಾಮಾನ್ಯರಿಗಿಲ್ಲ. .315 ಎಂಬ ಬೇರೆಲ್ಲೂ ಅಷ್ಟಾಗಿ ಕಾಣದ ಅಳತೆ ನಮ್ಮಲ್ಲಿ ಇಷ್ಟು ಬಳಕೆಯಲ್ಲಿರುವುದು ಅದಕ್ಕೇ.) .30-06ರ ಗುಂಡು ಮೇಲ್ಮುಖವಾಗಿ ಹಾರಿದರೆ ನಾಲ್ಕು ಕಿಲೋಮೀಟರ್ ಆಸುಪಾಸು ಹೋಗಿ ಬೀಳಬಲ್ಲದು. ಪುಟ್ಟ .22 ಕೂಡ ಒಂದೂವರೆ ಕಿಲೋಮೀಟರ್. ಕೋವಿಯ ಸಣ್ಣ ಸೀಸದ ಚರೆಗಳಾದರೆ ಮುನ್ನೂರು ಮೀಟರ್ ಒಳಗೇ ಉದುರುತ್ತವೆ. ಅಜ್ಜನ ಕಾಲದಲ್ಲಿ ನಮ್ಮ ತೋಟದ ಆಚೆ ಕಾಡಿತ್ತು. ಈಗ ಲೈನ್ ಮನೆಗಳಿವೆ, ಎರಡು ಹೋಂಸ್ಟೇ ಇವೆ, ಶಾಲೆಗೆ ಹೋಗುವ ಕಾಲುದಾರಿ ಇದೆ. ಗೂಗಲ್ ನಕ್ಷೆಯಲ್ಲಿ ಮನೆಯ ಸುತ್ತ ನಾಲ್ಕು ಕಿಲೋಮೀಟರ್ ವೃತ್ತ ಎಳೆದು ದೊಡ್ಡಪ್ಪನಿಗೆ ಕಳಿಸಿದೆ. ಹಂದಿ ಅಂತ ತಿಳಿದು ಮನುಷ್ಯನಿಗೆ ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇದೆ. ಕತ್ತಲಲ್ಲಿ, ಕಾಫಿ ಗಿಡದ ಮರೆಯಲ್ಲಿ, ಒಂದಾದ ಮೇಲೊಂದು ಈಡು ತಾನೇ ತುಂಬಿಕೊಳ್ಳುವ ರೈಫಲ್ ಇದ್ದರೆ ಎರಡನೆಯದು ಯೋಚನೆಗಿಂತ ಮೊದಲೇ ಹಾರುತ್ತದೆ.

ಯುರೋಪಿನಲ್ಲೂ ಇದೇ ಯೋಚನೆ ಇದ್ದಂತಿದೆ. ಅಲ್ಲಿನ ಬರ್ನ್ ಒಪ್ಪಂದ ಎರಡಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್‌ನ ಸೆಮಿ ಆಟೋಮೆಟಿಕ್‌ಗಳನ್ನು ಬೇಟೆಯ ನಿಷಿದ್ಧ ಸಾಧನಗಳ ಪಟ್ಟಿಯಲ್ಲಿಟ್ಟಿದೆ. ಅಮೆರಿಕದಲ್ಲೇ ಪೆನ್ಸಿಲ್ವೇನಿಯಾ 2017ರಲ್ಲಿ ಸಣ್ಣ ಪ್ರಾಣಿಗಳಿಗೆ ಸೆಮಿ ಆಟೋಮೆಟಿಕ್ ಒಪ್ಪಿದಾಗಲೂ ಜಿಂಕೆಗೆ ಒಪ್ಪಲಿಲ್ಲ. ಟೆಕ್ಸಾಸ್ ಕತೆ ಬೇರೆ. ಅಲ್ಲಿನ ಹಂದಿ ಹೊರಗಿನಿಂದ ತಂದು ಬಿಟ್ಟು ಹಬ್ಬಿದ ಪಿಡುಗು, ಖಾಸಗಿ ಜಮೀನಿನಲ್ಲಿ ವರ್ಷವಿಡೀ ಹೊಡೆಯಬಹುದು.

ಅಲ್ಲಿರುವ ಕನ್ನಡಿಗರಿಗೆ ಒಂದು ಮಾತು, ಏಕೆಂದರೆ ಅಣ್ಣನ ಗೆಳೆಯರಲ್ಲಿ ಅರ್ಧ ಜನಕ್ಕೆ ಇದು ಗೊತ್ತಿರಲಿಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಬಂದೂಕು, ಗುಂಡು ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಆ ನಿಷೇಧದಿಂದ ವಿನಾಯಿತಿ ಇದೆ. ವೀಕೆಂಡ್ ಅಂತ ಗೆಳೆಯನ ರೈಫಲ್ ಹಿಡಿದು ಫೋಟೊ ತೆಗೆಸಿಕೊಳ್ಳುವ ಮೊದಲು ಜೇಬಿನಲ್ಲಿ ಆ ಕಾಗದ ಇದೆಯಾ ನೋಡಿಕೊಳ್ಳಿ. ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತವರು ಒಂದು ಫೋಟೊಕ್ಕಾಗಿ ಫೆಡರಲ್ ಕೇಸು ಮೈಮೇಲೆ ಎಳೆದುಕೊಳ್ಳುವುದು ಬೇಡ.

ಕೊನೆಗೆ ದೊಡ್ಡಪ್ಪನಿಗೆ ನಾನು ಹೇಳಿದ್ದು .22 ಬೋಲ್ಟ್ ರೈಫಲ್. ಒದೆತ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಭುಜದ ಪ್ರಶ್ನೆಯೇ ಏಳುವುದಿಲ್ಲ. ಕೊಳ್ಳುವಾಗ ಕ್ಯಾಟಲಾಗ್ ನೋಡಬೇಡಿ, ಕೈಯಲ್ಲಿ ಹಿಡಿದು ನೋಡಿ ಅಂದೆ. ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಆಮೇಲೆ ಕಣ್ಣು ತೆರೆದಾಗ ಹಿಂದಿನ ಕಿಂಡಿ, ಮುಂದಿನ ಮೊನೆ ಒಂದೇ ಸಾಲಿನಲ್ಲಿ ಇರಬೇಕು. ಕತ್ತು ಬಗ್ಗಿಸಿ ಹುಡುಕಬೇಕಾದರೆ ಹಿಡಿಯ ಉದ್ದ ನಿಮ್ಮದಲ್ಲ. ಖಾಲಿ ಅಂತ ಎರಡು ಸಲ ಖಚಿತ ಮಾಡಿಕೊಂಡು, ಅಂಗಡಿಯವನನ್ನು ಕೇಳಿ ಕುದುರೆ ಎಳೆದು ನೋಡಿ. ಒಂದೂವರೆ ಎರಡು ಕಿಲೋ ಭಾರದಲ್ಲಿ, ಜಾರದೆ, ಗಾಜಿನ ಕಡ್ಡಿ ಮುರಿದ ಹಾಗೆ ಬಿಡಬೇಕು. ಮೂರು ಕಿಲೋ ಎಳೆಯಬೇಕಾದ ಕುದುರೆ ಎಂಥ ನಳಿಗೆಯನ್ನೂ ಬಲಕ್ಕೆ ತಿರುಗಿಸುತ್ತದೆ. ಹಳೆಯದಾದರೆ ನಳಿಗೆಯ ತುದಿ ನೋಡಿ. ಗುಂಡು ಬಿಡುವ ಕೊನೆಯ ಜಾಗ ಅದು, ಅಲ್ಲಿ ಪೆಟ್ಟಾಗಿದ್ದರೆ ಬೇರೇನೂ ನೋಡುವುದು ಬೇಡ. ಅರವತ್ತೆಂಟರ ಕಣ್ಣಿಗೆ ಹಿಂದಿನ ಕಿಂಡಿ ಮಸುಕಾಗುವುದು ಸಹಜ, ಸಣ್ಣ ತೂತಿನ ಪೀಪ್ ಸೈಟ್ ಹಾಕಿಸಿದರೆ ಮುಂದಿನ ಮೊನೆ ಚುರುಕಾಗಿ ಕಾಣುತ್ತದೆ.

ಅಭ್ಯಾಸಕ್ಕೆ .177 ಏರ್ ರೈಫಲ್ ಸಾಕು. ಇಪ್ಪತ್ತು ಜೂಲ್ ಒಳಗಿನದಕ್ಕೆ ಯಾರಿಗೂ ಲೈಸೆನ್ಸ್ ಬೇಡ, ಗುಂಡಿಗೆ ಖರ್ಚೂ ಕಡಿಮೆ. ಕೈ ಕಲಿಯುವುದು ಅದರಲ್ಲೇ.

ಸಿಟ್ಟು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. “.22ರಲ್ಲಿ ಹಂದಿ ಬೀಳಲ್ಲ” ಅಂದರು. ಬೀಳುವುದಿಲ್ಲ, ಗಾಯವಾಗಿ ನರಳುತ್ತದೆ, ಅದಕ್ಕಾಗಿ ಇದು ಅಲ್ಲವೇ ಅಲ್ಲ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಆ ವೃತ್ತ ಹಾಕಿದ ನಕ್ಷೆ ಇನ್ನೊಂದು ಸಲ ಕಳಿಸು, ಪಕ್ಕದ ತೋಟದವರಿಗೂ ತೋರಿಸ್ತೇನೆ” ಅಂದರು. ಗದ್ದೆಯ ಸುತ್ತ ಸೋಲಾರ್ ಬೇಲಿಗೆ ಎಷ್ಟಾಗುತ್ತದೆ ಅಂತಲೂ ಕೇಳಿದರು.

ಈಗ ಪರಿಚಯದವರ ಹಳೆಯ .22 ಒಂದು ನೋಡಿಟ್ಟಿದ್ದಾರೆ, ಕಾಗದಪತ್ರದ ಕೆಲಸ ನಡೆದಿದೆ. ಉಳಿದಿರುವುದು ತೋಟೆಯ ಪ್ರಶ್ನೆ. ಒಂದೊಂದು ನಳಿಗೆಗೆ ಒಂದೊಂದು ಕಂಪನಿಯ ತೋಟೆ ಹೊಂದುತ್ತದೆ, ಹೊಡೆದು ನೋಡದೆ ತಿಳಿಯುವುದಿಲ್ಲ. ರೈಫಲ್ ಕೈಗೆ ಬಂದ ಮೇಲೆ ಎತ್ತರದ ಬರೆಯ ಎದುರು, ಮೂರು ಕಂಪನಿಯದು ಹತ್ತು ಹತ್ತು ಗುಂಡು, ಬೇರೆ ಬೇರೆ ಕಾಗದಕ್ಕೆ. ಫೋಟೊ ಕಳಿಸಿದರೆ ಅಳೆದು ಹೇಳುವುದು ನನ್ನ ಕೆಲಸ. ಮೂರು ಮೂರು ಸಾಲದೇ ಅಂತ ಈಗಾಗಲೇ ಚೌಕಾಸಿ ಮಾಡಿದ್ದಾರೆ. ಹತ್ತೇ ಬೇಕು ಅಂದಿದ್ದೇನೆ.